ಮುಸ್ಸಂಜೆಯ ಹೂಬತ್ತಿ ವ್ಯಾಪಾರ

ಪಾರ್ಸೆಲ್ಲಿಗೆ ಸುತ್ತುವ ಕಂದು ಬಣ್ಣದ ಟೇಪ್ ಇದೆಯಲ್ಲ, ಅದರ ತುದಿ ಹುಡುಕುವುದರಲ್ಲೇ ನನ್ನ ಆಯುಷ್ಯದ ಒಂದು ಪಾಲು ಕಳೆದುಹೋಗಿದೆ. ಕತ್ತರಿಸಿ ಕೆಳಗಿಟ್ಟ ಮರುಕ್ಷಣ ತುದಿ ಮಾಯ. ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ, ಉಗುರಿನಿಂದ ಕೆರೆಯುತ್ತಾ ಮೂರು ಸುತ್ತು ತಿರುಗಿಸಿದರೂ ಸಿಗುವುದಿಲ್ಲ. ಸಿಕ್ಕಿತು ಎಂದು ಎಳೆದರೆ ಅರ್ಧ ಅಗಲಕ್ಕೆ ಸೀಳಿಕೊಂಡು ಬರುತ್ತದೆ. ತುದಿಗೆ ಒಂದು ಬೆಂಕಿಕಡ್ಡಿ ಅಂಟಿಸಿಟ್ಟರೆ ಆಯಿತಪ್ಪ ಎಂದು ನಿಮ್ಮಲ್ಲಿ ಜಾಣರು ಹೇಳಬಹುದು. ಅದು ನನಗೂ ಗೊತ್ತು. ಗೊತ್ತಿರುವುದನ್ನೆಲ್ಲ ಮಾಡುವ ಹೆಂಗಸು ನಾನಾಗಿದ್ದರೆ ಈ ಕಥೆ ಇಷ್ಟು ಉದ್ದ ಆಗುತ್ತಿರಲಿಲ್ಲ.

ನಮ್ಮಪ್ಪನಿಗೆ ಟೇಪಿನ ಗೊಡವೆಯೇ ಇರಲಿಲ್ಲ. ಕಡೂರಿನಲ್ಲಿ ಅವರದು ದಿನಸಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಹಳೆಯ ಪೇಪರಿನ ಹಾಳೆಯನ್ನು ಕೈಯಲ್ಲೇ ಸುತ್ತಿ, ತಳ ಮಡಚಿ, ಬೇಳೆ ಸುರಿದು, ಮೇಲಿನ ತೊಲೆಗೆ ಕಟ್ಟಿದ ಡಬ್ಬಿಯಿಂದ ಇಳಿಬಿದ್ದ ದಾರ ಎಳೆದು ನಾಲ್ಕು ಸುತ್ತು ಹಾಕಿ, ಬೆರಳಿಗೆ ಸಿಕ್ಕಿಸಿ ಪಟ್ಟನೆ ತುಂಡರಿಸಿದರೆ ಪೊಟ್ಟಣ ಮುಗಿಯಿತು. ಆ ಪೊಟ್ಟಣ ಸೈಕಲ್ಲಿನ ಕ್ಯಾರಿಯರ್ ಮೇಲೆ ಎಮ್ಮೆದೊಡ್ಡಿಯವರೆಗೆ ಕುಣಿದುಕೊಂಡು ಹೋದರೂ ಒಂದು ಕಾಳು ಹೊರಗೆ ಬೀಳುತ್ತಿರಲಿಲ್ಲ. ಸ್ಕೂಲು ಬಿಟ್ಟ ಮೇಲೆ ನಾನು ಬೆಲ್ಲದ ಪೆಟ್ಟಿಗೆಯ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದೆ. ಬಲಗೈ ಬರೆಯುತ್ತಿತ್ತು, ಎಡಗೈ ಪೆಟ್ಟಿಗೆಯ ಸಂದಿಯಲ್ಲಿ ಬೆಲ್ಲದ ಚೂರು ಹುಡುಕುತ್ತಿತ್ತು. ಹನ್ನೆರಡರ ಮಗ್ಗಿ ಇವತ್ತಿಗೂ ನನಗೆ ಸ್ವಲ್ಪ ಸಿಹಿಯಾಗಿಯೇ ನೆನಪಿಗೆ ಬರುತ್ತದೆ.

ಯಾವುದನ್ನು ಮಾರಬೇಕು ಎಂಬುದರಲ್ಲಿ ಅಪ್ಪನದು ಗಟ್ಟಿ ಮಾತು. "ನೋಡು ಮಗಾ, ದಿನಾ ಯಾರೂ ಹಬ್ಬ ಮಾಡಲ್ಲ. ದಿನಾ ಒಲೆ ಹಚ್ತಾರೆ, ದಿನಾ ಪಾತ್ರೆ ತೊಳೀತಾರೆ. ಇವತ್ ತಗಂಡೋನು ನಾಡಿದ್ದು ಮತ್ತೆ ಬರ್ಬೇಕು, ಅಂಥದ್ ಮಾರ್ಬೇಕು." ಅದಕ್ಕೇ ಬೆಂಕಿಪೊಟ್ಟಣ, ಸೋಪು, ಉಪ್ಪು ಎಲ್ಲ ಕೈಗೆಟುಕುವ ಮುಂದಿನ ಸಾಲಿನಲ್ಲಿ ಇರುತ್ತಿದ್ದವು.

ಆದರೆ ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಒಂದು ಸಲ ಅಪ್ಪ ತರೀಕೆರೆಗೆ ಮದುವೆಗೆ ಹೋಗಿದ್ದರು. ಅಲ್ಲಿ ಧೋ ಎಂದು ಮಳೆ. ಛತ್ರದ ಬಾಗಿಲಲ್ಲಿ ಸಾಲುಸಾಲು ಕೊಡೆಗಳು. ಅದನ್ನು ನೋಡಿ ತಲೆಯಲ್ಲಿ ಏನು ಹೊಳೆಯಿತೋ, ವಾಪಸು ಬರುವಾಗ ಎರಡು ಡಜನ್ ಕೊಡೆ ಹೊತ್ತು ತಂದರು. ತರೀಕೆರೆಯ ಮಳೆ ನೋಡಿ ಕಡೂರಿನಲ್ಲಿ ಕೊಡೆ ಮಾರಲು ಕೂತ ವ್ಯಾಪಾರಿ ನಮ್ಮಪ್ಪ ಒಬ್ಬರೇ ಇರಬೇಕು. ಆ ವರ್ಷ ಕಡೂರಿಗೆ ಬಂದ ಮಳೆಗೆ ಒಣಹಾಕಿದ ಬನಿಯನ್ ಕೂಡ ಸರಿಯಾಗಿ ನೆನೆಯಲಿಲ್ಲ. ಕೊಡೆಗಳು ಅಟ್ಟ ಸೇರಿದವು, ನಂಟರ ಮನೆ ಸೇರಿದವು, ಕೊನೆಗೆ ಎರಡು ಕೊಡೆ ನನ್ನ ಬಳುವಳಿಯ ಜೊತೆ ಅಜ್ಜಂಪುರಕ್ಕೂ ಬಂದವು. ಅಪ್ಪನಿಂದ ನನಗೆ ಬಂದ ಆಸ್ತಿ ಎಂದರೆ ಆ ಗಟ್ಟಿ ಮಾತು ಮತ್ತು ಅದನ್ನು ಮುರಿಯುವ ಚಪಲ, ಎರಡೂ ಸಮಪಾಲು.

ಅಜ್ಜಂಪುರದಲ್ಲಿ ನಮ್ಮ ಯಜಮಾನರದು ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಅಂಗಡಿ ಪೇಟೆಯಲ್ಲಿದೆ, ಅಲ್ಲಿ ಹಿಡಿಸದ ಮೂಟೆಗಳು ಮನೆಯ ಮುಂಭಾಗದ ಒಂದು ಕೋಣೆಯಲ್ಲಿ ಇರುತ್ತಿದ್ದವು. ಆ ಕೋಣೆಗೆ ಒಳಕ್ಕೊಂದು, ಬೀದಿಗೊಂದು ಬಾಗಿಲು. ಮಗಳು ನರ್ಸಿಂಗ್ ಓದಲು ಹಾಸ್ಟೆಲ್ ಸೇರಿದ ವರ್ಷ ನನ್ನ ಕಣ್ಣು ಆ ಕೋಣೆಯ ಮೇಲೆ ಬಿತ್ತು. ನಿಜ ಹೇಳಿಬಿಡುತ್ತೇನೆ, ನನಗೆ ಮೊದಲು ಬೇಕಾಗಿದ್ದದ್ದು ವ್ಯಾಪಾರವಲ್ಲ, ಆ ಕೋಣೆ. ಹುಟ್ಟಿದ ಮನೆಯಲ್ಲಿ ಅಕ್ಕಿ ಮೂಟೆಗಳ ಹಿಂದೆ ಮಲಗಿ ಬೆಳೆದವಳು ನಾನು. ಮದುವೆಯಾಗಿ ಬಂದ ಮೇಲೆ ಅಡುಗೆಮನೆ ಅತ್ತೆಯದು, ಪಡಸಾಲೆ ಬಂದುಹೋಗುವವರದು, ಮಲಗುವ ಕೋಣೆಯ ಬೀರುವಿನಲ್ಲಿ ಅರ್ಧ ಇವರ ರಸೀದಿ ಪುಸ್ತಕ. ನಾನೇ ತೆಗೆದು ನಾನೇ ಹಾಕಿಕೊಳ್ಳುವ ಒಂದು ಬಾಗಿಲು ಇಪ್ಪತ್ತೆರಡು ವರ್ಷದಲ್ಲಿ ನನಗಿರಲಿಲ್ಲ. ಅದರ ಆಸೆ ಎಷ್ಟಿತ್ತು ಎಂಬುದು ಬಾಯಿಬಿಟ್ಟು ಕೇಳಿದ ದಿನವೇ ನನಗೂ ಗೊತ್ತಾದದ್ದು.

"ಆನ್‌ಲೈನಲ್ಲಿ ಸಾಮಾನು ಮಾರ್ತೀನಿ. ಆ ಕೋಣೆ ಕೊಡಿ" ಎಂದೆ.

ಇವರು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಆಯ್ತು ಕಣೇ. ಬರೋ ಕಾರ್ತಿಕ ಮುಗಿಯೋವರ್ಗೂ ನಿಂದು. ಅಷ್ಟೊತ್ತಿಗೆ ನಿನ್ ಯಾಪಾರ ನಡೀತಿದ್ರೆ ಕೋಣೆ ನಿಂಗೇ. ನಿಂತೋಗಿದ್ರೆ ನನ್ ಮೂಟೆ ವಾಪಸ್ ಬತ್ತವೆ" ಎಂದರು.

ಹಾಗೆ ಶುರುವಾಯಿತು. ಇನ್ನು ಏನು ಮಾರುವುದು? ಮೊಬೈಲಿನಲ್ಲಿ ಒಬ್ಬ ಮೇಷ್ಟ್ರು ಸಿಕ್ಕರು. ಕೋಟು ಹಾಕಿಕೊಂಡು, ಬೋರ್ಡಿನ ಮುಂದೆ ನಿಂತು, ದಿನಬಳಕೆಯ ಯಾವ ವಸ್ತುವಿನಲ್ಲಿ ಲಾಭವಿದೆ ಎಂದು ಹೇಳಿಕೊಡುವವರು. ವಸ್ತು ಹಗುರವಾಗಿರಬೇಕು, ಬಿದ್ದರೆ ಒಡೆಯಬಾರದು, ಅಳತೆಯ ರಗಳೆ ಇರಬಾರದು, ಕೊಂಡವರು ಮತ್ತೆ ಮತ್ತೆ ಕೊಳ್ಳುವಂತಿರಬೇಕು. ಕೇಳುತ್ತಾ ಕೇಳುತ್ತಾ ನನಗೆ ಅನ್ನಿಸಿದ್ದು, ಇದನ್ನೇ ಅಲ್ಲವೇ ಬನಿಯನ್ ಹಾಕಿಕೊಂಡು ನಮ್ಮಪ್ಪ ಹೇಳಿದ್ದು? ಆದರೆ ಕೋಟು ಹಾಕಿಕೊಂಡವರು ಹೇಳಿದರೆ ಅದರ ತೂಕವೇ ಬೇರೆ.

ಮೊದಲು ಮೊಬೈಲಿನ ಹಿಂದೆ ಹಾಕುವ ಕವರ್ ತರಿಸಿದೆ. ಹಗುರ, ಒಡೆಯುವುದಿಲ್ಲ. ಆದರೆ ನನ್ನ ಕವರ್ ಬರುವ ಹೊತ್ತಿಗೆ ಆ ಮೊಬೈಲಿಗೇ ವಯಸ್ಸಾಗಿತ್ತು. ನಾಲ್ಕು ಮಾರಾಟವಾದವು, ಅದರಲ್ಲಿ ಮೂರು ಅಳತೆ ಸರಿಹೋಗದೆ ತವರಿಗೆ ಮರಳಿದವು.

ಎರಡನೆಯದರ ಸಂಗತಿ ನಮ್ಮ ಮನೆಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ, ನಿಮಗೆ ಮಾತ್ರ ಹೇಳುತ್ತಿದ್ದೇನೆ. ತರಕಾರಿ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುವ, ಸಣ್ಣ ತಂತಿಗಳ ಒಂದು ಉಪಕರಣದ ಫೋಟೋ ನೋಡಿದೆ. ತಂತಿಯ ಕೆಳಗೆ ಬಿಳಿಯದೊಂದು ಗುಂಡನೆಯ ವಸ್ತು ಇತ್ತು. ಆಲೂಗೆಡ್ಡೆ ಬೆಳೆಯುವ ಸೀಮೆಯಲ್ಲಿ ಬದುಕುವವಳಿಗೆ ಬೇರೆ ಏನು ಕಾಣಬೇಕು ಹೇಳಿ, ಬೇಯಿಸಿ ಸುಲಿದ ಆಲೂಗೆಡ್ಡೆ ಎಂದುಕೊಂಡೆ. ಎರಡು ಡಜನ್ ತರಿಸಿದೆ. ಪೆಟ್ಟಿಗೆ ಒಡೆದರೆ ಪ್ರತಿಯೊಂದರ ಮೇಲೂ ಕೋಳಿಯ ಚಿತ್ರ. ತಲೆತಲಾಂತರದಿಂದ ಮಠಕ್ಕೆ ನಡೆದುಕೊಂಡು ಬಂದ, ಮೊಟ್ಟೆಯ ಹೆಸರೆತ್ತದ ಮನೆಗೆ ನಾನು ಇಪ್ಪತ್ನಾಲ್ಕು ಮೊಟ್ಟೆ ಕೊಯ್ಯುವ ಯಂತ್ರ ತಂದಿದ್ದೆ.

"ಇದ್ರ ಮ್ಯಾಲೆ ಕೋಳಿ ಯಾಕೆ ಐತೆ?" ಎಂದರು ಅತ್ತೆ.

"ಅದು ಕಂಪನಿ ಗುರುತು ಅತ್ತೆ" ಎಂದೆ.

ಅತ್ತೆ ಒಂದನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ನೋಡಿ, ಬಾಳೆಹಣ್ಣು ಇಟ್ಟು ಒತ್ತಿದರು. ಒಂದೇ ಸಮನಾದ ಬಿಲ್ಲೆಗಳು ಬಿದ್ದವು. ಅವರಿಗೆ ಬಹಳ ಹಿಡಿಸಿತು. ಅದಾದ ತಿಂಗಳಿಗೆ ನಮ್ಮಲ್ಲಿ ಪಾದಪೂಜೆ. ಬಂದ ಸ್ವಾಮಿಗಳು ರಸಾಯನದ ಬಟ್ಟಲು ನೋಡಿ, "ಎಷ್ಟು ಚೆನ್ನಾಗಿ ಹೆಚ್ಚಿದ್ದೀರಿ ತಾಯಿ" ಎಂದರು. ಅತ್ತೆ ಹಿಗ್ಗಿದರು. ನಾನು ಕಂಬದ ಮರೆಗೆ ಹೋಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತೆ. ಉಳಿದವನ್ನು ಊರಿನ ಗೃಹಪ್ರವೇಶಗಳಿಗೆಲ್ಲ ಉಡುಗೊರೆಯಾಗಿ ದಾಟಿಸಿದೆ.

ಇಷ್ಟಾದರೂ ನನ್ನ ಧೈರ್ಯ ಕುಗ್ಗಲಿಲ್ಲ ನೋಡಿ. ವ್ಯಾಪಾರಸ್ಥರ ಮಗಳಿಗೆ ಎರಡು ಪೆಟ್ಟು ಹೆಚ್ಚೇನಲ್ಲ. ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಮೊಬೈಲು ಉಜ್ಜುತ್ತಿದ್ದೆ. ಅತ್ತೆ ಎದುರಿಗೆ ಗೋಡೆಗೊರಗಿ ಕೂತು, ಮಧ್ಯಾಹ್ನದ ತಮ್ಮ ಎಂದಿನ ಕೆಲಸ ಮಾಡುತ್ತಿದ್ದರು. ಹತ್ತಿ ಬಿಡಿಸಿ, ಚಿಟಿಕೆಯಷ್ಟು ತೆಗೆದು ಹರಡಿ, ಮಡಚಿ, ಬೆರಳಿಗೆ ವಿಭೂತಿ ಹಚ್ಚಿಕೊಂಡು ತುದಿ ಹೊಸೆದರೆ ಒಂದು ಹೂಬತ್ತಿ.

"ಏನೇ ಅದು, ಅಷ್ಟೊತ್ತಿಂದ ಹುಡುಕ್ತಾನೇ ಇದೀಯ?"

"ಮಾರಕ್ಕೆ ಒಂದು ಸಾಮಾನು ಅತ್ತೆ. ಹಗುರ ಇರ್ಬೇಕು, ಬಿದ್ರೆ ಒಡೀಬಾರ್ದು, ಎಲ್ಲಾರ್ ಮನೆಗೂ ದಿನಾ ಬೇಕಾಗ್ಬೇಕು, ಇವತ್ ಬಳಸಿದ್ದು ನಾಳಿಕ್ಕೆ ಉಳೀಬಾರ್ದು. ಅಂಥದ್ದು."

"ಸಿಕ್ಕಾಗ ಹೇಳು. ಈಗ ಆ ತಟ್ಟೆ ಇತ್ಲಾಗ್ ತಳ್ಳು" ಎಂದರು ತಲೆಯೆತ್ತದೆ.

ತಟ್ಟೆ ತಳ್ಳಲು ಕೈ ಹಾಕಿದೆ. ತಟ್ಟೆಯ ತುಂಬ ಬೆಳ್ಳಗೆ ಹೂಬತ್ತಿ. ನನ್ನ ಕೈ ಅಲ್ಲೇ ನಿಂತಿತು. ಹಗುರ. ಒಡೆಯುವುದಿಲ್ಲ. ಅಳತೆಯಿಲ್ಲ. ಎರಡು ಹೊತ್ತು ಬೇಕು, ಉರಿದು ಮುಗಿಯುತ್ತದೆ, ಮತ್ತೆ ಬೇಕು. ಇಷ್ಟು ದಿನ ಎದುರಿಗೇ ಇದ್ದದ್ದನ್ನು ಬಿಟ್ಟು ಕೋಳಿಯ ಚಿತ್ರದ ಪೆಟ್ಟಿಗೆ ತರಿಸಿದ ನನ್ನ ಬುದ್ಧಿಗೆ ನಾನೇ ಕೈಮುಗಿದೆ.

ಮಗಳು ರಜೆಗೆ ಬಂದಾಗ ಫೋಟೋ ತೆಗೆದು, ನಾನು ಸಾಮಾನು ಮಾರುವ ಆಪಿನಲ್ಲಿ ಹಾಕಿಕೊಟ್ಟಳು. ಮೊದಲ ವಾರ ಮೂರು ಆರ್ಡರ್, ಮುಂದಿನ ವಾರ ಹನ್ನೊಂದು. ಅತ್ತೆಯ ಕೈ ಸಾಲದೆ ಬೀದಿಯ ನಾಲ್ಕು ಮನೆಯ ಹೆಂಗಸರು ಹೊಸೆಯಲು ಕೂತರು. ಅತ್ತೆಯೇ ಮೇಸ್ತ್ರಿ. ಸಡಿಲ ಹೊಸೆದದ್ದು ಕಂಡರೆ ಬಿಚ್ಚಿ ಮತ್ತೆ ಕೈಗೆ ಕೊಡುತ್ತಿದ್ದರು. ಹುಬ್ಬಳ್ಳಿಯ ಯಾರೋ ಒಬ್ಬರು, "ಬತ್ತಿ ಕೊನೆತನಕ ಒಂದೇ ಸಮ ಉರಿಯಿತು, ಎಣ್ಣೆಯಲ್ಲಿ ಮುಳುಗಲಿಲ್ಲ" ಎಂದು ಬರೆದಿದ್ದರು. ಅದನ್ನು ಅತ್ತೆ ನನ್ನಿಂದ ಮೂರು ಸಲ ಓದಿಸಿ, ನಾಲ್ಕನೆಯ ಸಲಕ್ಕೆ ಸರೋಜಕ್ಕನನ್ನು ಕರೆದು ಕೂರಿಸಿದರು. ಸರೋಜಕ್ಕ ಎಂದರೆ ನಮ್ಮ ಪಕ್ಕದ ಮನೆಯವರು. "ಊರಿಗೆಲ್ಲಾ ಬತ್ತಿ ಇಡ್ತಿದೀಯ ಕಣೇ" ಎಂದು ಇವರು ರೇಗಿಸುತ್ತಿದ್ದರು. ಕೋಣೆಯಲ್ಲಿ ಗೊಬ್ಬರದ ವಾಸನೆ ಹೋಗಿ ಹತ್ತಿಯ ವಾಸನೆ ಬಂದಿತ್ತು. ಸಂಜೆ ಒಳಗಿನ ಬಾಗಿಲು ಹಾಕಿಕೊಂಡು ಸುಮ್ಮನೆ ಐದು ನಿಮಿಷ ಕೂರುತ್ತಿದ್ದೆ. ಏನೂ ಮಾಡುತ್ತಿರಲಿಲ್ಲ. ಆ ಐದು ನಿಮಿಷ ಬಹಳ ಸುಖವಾಗಿರುತ್ತಿತ್ತು.

ಪಾರ್ಸೆಲ್ ಒಯ್ಯಲು ಬರುವವನು ಲೋಕೇಶ, ಪಂಚನಹಳ್ಳಿ ಕಡೆಯವನು. ಎರಡು ಮಕ್ಕಳ ತಂದೆ. ಬೆಳಿಗ್ಗೆ ಗಾಡಿ ಹತ್ತಿ ಕಡೂರು ಬಿಟ್ಟರೆ ಬೀರೂರು, ತರೀಕೆರೆ ಮುಗಿಸಿ ಕೊನೆಗೆ ನಮ್ಮೂರಿಗೆ ಬರುತ್ತಾನೆ. ಬೇಸಿಗೆಯಲ್ಲಿ ಅವನು ಬಂದಾಗ ಇನ್ನೂ ಬಿಸಿಲಿರುತ್ತಿತ್ತು. ದಸರಾ ಕಳೆಯಿತು, ಹೊತ್ತು ಬೇಗ ಮುಳುಗತೊಡಗಿತು. ಅವನು ಬರುವ ಹೊತ್ತೂ ನಮ್ಮ ದೇವರ ಮನೆಯಲ್ಲಿ ದೀಪ ಹಚ್ಚುವ ಹೊತ್ತೂ ಒಂದೇ ಆಗಿಬಿಟ್ಟವು.

ದೀಪ ಹಚ್ಚಿದ ಮೇಲೆ ಮನೆಯಿಂದ ಏನನ್ನೂ ಆಚೆ ಕೊಡಬಾರದು. ಉಪ್ಪು, ಸೂಜಿ, ಮೊಸರು, ಯಾವುದೂ ಹೊಸಿಲು ದಾಟಬಾರದು. ಇನ್ನು ಬತ್ತಿಯ ಮಾತು ಕೇಳಬೇಕೇ?

"ಲಕ್ಷ್ಮಿ ಒಳಕ್ ಬರೋ ಹೊತ್ತಲ್ಲಿ ಬತ್ತೀನ ಆಚೆ ಕಳುಸ್ತೀಯಾ? ನಾಳೆ ಕೊಡು" ಎಂದರು ಅತ್ತೆ.

ನಾಳೆ ಲೋಕೇಶ ಬಂದಾಗಲೂ ಅದೇ ಹೊತ್ತು. ಆಪಿನವರ ಲೆಕ್ಕದಲ್ಲಿ ಇವತ್ತಿನ ಆರ್ಡರ್ ಇವತ್ತೇ ಹೊರಡಬೇಕು, ಇಲ್ಲದಿದ್ದರೆ ತಡ ಎಂದು ಕೆಂಪು ಗುರುತು. "ಸ್ವಲ್ಪ ಬೇಗ ಬಾರೋ ಲೋಕೇಶ" ಎಂದರೆ, "ಅಕ್ಕಾ, ತರೀಕೆರೆ ಬಿಟ್ಟಿದ್ದೇ ಐದಕ್ಕೆ. ನಾನೇನ್ ಹಾರ್ಕಂಡ್ ಬರ್ಲಾ?" ಎಂದ. ಅವನದೇನು ತಪ್ಪು?

ನಾನು ಉಪಾಯಗಾತಿ. ಮೊದಲು ಪೊಟ್ಟಣಗಳನ್ನು ನಾಲ್ಕು ಗಂಟೆಗೇ ಜಗಲಿಯ ಮೇಲೆ ಇಟ್ಟೆ. "ಜಗಲಿ ಯಾರ್ ಮನೇದು?" ಎಂದರು ಅತ್ತೆ. ಸರೋಜಕ್ಕನ ಮನೆಯಲ್ಲಿ ಇಡಲು ಹೋದೆ. "ನಮ್ಮನೇಲೂ ದೀಪ ಹಚ್ತೀವಿ ಕಣೇ. ನಿಮ್ಮನೆ ಲಕ್ಷ್ಮಿ ಲಕ್ಷ್ಮಿ, ನಮ್ಮನೇಳು ಬಿಟ್ಟಿ ಬಿದ್ದವ್ಳಾ?" ಎಂದು ಸರೋಜಕ್ಕ ಸೊಂಟದ ಮೇಲೆ ಕೈಯಿಟ್ಟರು. ಕೊನೆಗೆ ಇವರ ಸ್ಕೂಟರ್ ಹೊಳೆಯಿತು. ಬೀದಿಯಲ್ಲಿ ನಿಂತಿರುವ ಸ್ಕೂಟರ್ ಮನೆಯೂ ಅಲ್ಲ, ಜಗಲಿಯೂ ಅಲ್ಲ. ಸೀಟಿನ ಕೆಳಗಿನ ಡಿಕ್ಕಿಯಲ್ಲಿ ಪೊಟ್ಟಣ ತುಂಬಿಟ್ಟು, ಲೋಕೇಶ ಬಂದಾಗ ಬೀದಿಯಲ್ಲೇ ಕೊಟ್ಟೆ. ಅತ್ತೆ ಕಿಟಕಿಯಿಂದ ನೋಡಿ ಒಳಗೆ ಹೋದರು. ನಾಲ್ಕು ದಿನ ಗೆದ್ದೆ. ಐದನೆಯ ದಿನ ಭಾನುವಾರ. ಇವರು ಗೆಳೆಯರ ಜೊತೆ ಅದೇ ಸ್ಕೂಟರಿನಲ್ಲಿ ಕೆಮ್ಮಣ್ಣುಗುಂಡಿಗೆ ಹೋಗಿಬಿಟ್ಟರು. ನಾನು ಹುಟ್ಟಿ ಇಷ್ಟು ವರ್ಷದಲ್ಲಿ ಎರಡು ಸಲ ನೋಡಿದ ಕೆಮ್ಮಣ್ಣುಗುಂಡಿಯನ್ನು ನನ್ನ ಹನ್ನೆರಡು ಪೊಟ್ಟಣ ಹೂಬತ್ತಿ ಒಂದೇ ದಿನದಲ್ಲಿ ನೋಡಿಕೊಂಡು, ಮಂಜಿಗೆ ಸ್ವಲ್ಪ ಥಂಡಿ ಹಿಡಿದು ಮನೆಗೆ ಬಂದವು.

ಅದರ ಮೇಲೆ ಆಪಿನಲ್ಲಿ ನೋಟಿಸು ಬಂತು. ಇನ್ನೊಂದು ಸಲ ತಡವಾದರೆ ನಿಮ್ಮ ಮಾರಾಟ ಬಂದ್. ಅಷ್ಟರಲ್ಲಿ ಕಾರ್ತಿಕ ಕಾಲಿಟ್ಟಿತ್ತು. ಊರೂರಿನಲ್ಲಿ ದೀಪ ಹಚ್ಚುವ ತಿಂಗಳು. ಆರ್ಡರ್ ಮೇಲೆ ಆರ್ಡರ್. ಇವರು ಒಂದು ದಿನ ಕೋಣೆಯ ಬಾಗಿಲಲ್ಲಿ ನಿಂತು ಎಷ್ಟು ಮೂಟೆ ಹಿಡಿಸಬಹುದು ಎಂದು ಕಣ್ಣಲ್ಲೇ ಅಳೆದು ಹೋದರು. ಅವರಿಗೆ ನನ್ನ ಮೇಲೆ ದ್ವೇಷವೇನಿಲ್ಲ. ಗೊಬ್ಬರದ ಲಾರಿ ಬರುವುದಿತ್ತು, ಅಷ್ಟೇ. ನಾನು ಮಾತ್ರ ಕ್ಯಾಲೆಂಡರ್ ತೆಗೆದು ಕಾರ್ತಿಕ ಮುಗಿಯಲು ಎಷ್ಟು ದಿನ ಎಂದು ಎಣಿಸಿದೆ.

ಆ ಶುಕ್ರವಾರ ನಲವತ್ತೊಂದು ಪೊಟ್ಟಣ. ಸ್ಕೂಟರ್ ಮೆಕ್ಯಾನಿಕ್ ಹತ್ತಿರ. ಲೋಕೇಶ ಬರುವಷ್ಟರಲ್ಲಿ ದೇವರ ಮನೆಯಿಂದ ಗಂಟೆಯ ಸದ್ದು ಕೇಳಿ ನಿಂತೂ ಆಗಿತ್ತು. ಮನೆಯಿಂದ ಒಲೆಯ ಬೂದಿಯನ್ನೂ ಆಚೆ ಹಾಕದ ದಿನ ಶುಕ್ರವಾರ, ಅದರಲ್ಲೂ ಕಾರ್ತಿಕದ್ದು. ಅವನು ಬೀದಿ ಬಾಗಿಲಲ್ಲಿ ಚೀಲ ಹಿಡಿದು ನಿಂತ.

"ಅಕ್ಕಾ, ಏನ್ಮಾಡ್ಲಿ? ಹೋಗ್ಲಾ?"

ಒಳಬಾಗಿಲಲ್ಲಿ ಅತ್ತೆ ನಿಂತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ನಾನು ಎದುರಾಡಿಲ್ಲ. ಹೆದರಿಕೆಯಿಂದ ಅಲ್ಲ, ಅವರ ಮೇಲೆ ನನಗೆ ನಿಜವಾದ ಪ್ರೀತಿ ಇದೆ. ಆದರೂ ಅವತ್ತು ಅಪ್ಪಣೆ ಕೇಳಲಿಲ್ಲ, ಹೇಳಿದೆ.

"ಅತ್ತೆ, ಇವತ್ ಕೊಡ್ತೀನಿ. ಕೊಡ್ದಿದ್ರೆ ಇದು ಮುಚ್ಚೋಗುತ್ತೆ. ಮುಚ್ಚೋದ್ರೆ ಕೋಣೆನೂ ಹೋಗುತ್ತೆ. ನಂಗೆ ಈ ಕೋಣೆ ಬೇಕು."

ಹೇಳಿ, ಮೇಲಿದ್ದ ಪೊಟ್ಟಣ ಕೈಗೆತ್ತಿಕೊಂಡೆ.

ಅತ್ತೆ ನನ್ನನ್ನು ನೋಡಿದರು, ಪೊಟ್ಟಣಗಳನ್ನು ನೋಡಿದರು. ಆಮೇಲೆ ನನ್ನನ್ನು ಬಿಟ್ಟು ಲೋಕೇಶನ ಕಡೆ ತಿರುಗಿದರು.

"ಏನಪ್ಪಾ, ನೀನು ಊರೂರು ಸುತ್ತೋನು. ಪೇಟೇಲಿ ಅಂಗಡಿಯೋರು ದೀಪ ಹಚ್ಚಿದ್ ಮ್ಯಾಲೆ ಬಾಗ್ಲು ಹಾಕ್ಕಂತಾರಾ?"

"ಎಲ್ಲಾದ್ರೂ ಉಂಟಾ ಅಜ್ಜಿ? ಯಾಪಾರ ಜೋರಾಗೋದೇ ಆವಾಗ."

ಅತ್ತೆ ಒಳಗೆ ಹೋದರು. ನಾನು ನಿಂತಲ್ಲೇ ಪೆಚ್ಚಾದೆ. ಕಡೂರಿನಲ್ಲಿ ನಮ್ಮಪ್ಪ ಸಂಜೆ ಗಲ್ಲಾದ ಪಕ್ಕ ದೀಪ ಹಚ್ಚಿ ಕೈಮುಗಿದು, ಆಮೇಲೆ ಒಂಬತ್ತು ಗಂಟೆಯವರೆಗೂ ತೂಗಿ ಕೊಡುತ್ತಿದ್ದರು. ಶುಕ್ರವಾರ ಒಂದು ಕೈ ಹೆಚ್ಚೇ. ಅಂಗಡಿಯಲ್ಲೇ ಬೆಳೆದ ನನಗೆ ಅದು ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಅಷ್ಟು ತಿಂಗಳೂ ನಾನೇ ಅದನ್ನು ಕೋಣೆ ಕೋಣೆ ಎನ್ನುತ್ತಿದ್ದೆ, ಒಂದು ದಿನವೂ ಬೇರೆ ಹೆಸರಿನಿಂದ ಕರೆದಿರಲಿಲ್ಲ.

ಅತ್ತೆ ಹೊರಬಂದಾಗ ಅವರ ಕೈಯಲ್ಲಿ ಒಂದು ಸಣ್ಣ ಹಿತ್ತಾಳೆ ದೀಪ, ಎಣ್ಣೆಯ ಗಿಂಡಿ. ಗೋಡೆಯ ಗೂಡಿನಲ್ಲಿದ್ದ ಟೇಪು, ಕತ್ತರಿಗಳನ್ನು ಸರಿಸಿ ದೀಪ ಇಟ್ಟರು. ಎಣ್ಣೆ ಹಾಕಿದರು.

"ಮನೆ ಬತ್ತಿ ತಂದಿಲ್ಲ. ನಿನ್ ಅಂಗಡೀದು ಕೊಡು" ಎಂದರು.

ಒಂದು ಪೊಟ್ಟಣ ಬಿಚ್ಚಿ ಹೂಬತ್ತಿ ಕೊಟ್ಟೆ. ಹಚ್ಚಿದರು, ಕೈಮುಗಿದರು. ನನಗೂ ಮುಗಿ ಎಂದು ಕಣ್ಣಲ್ಲೇ ಹೇಳಿದರು.

"ಮನೆಯಿಂದ ಕೊಡಬಾರ್ದು ಅಂದೆ. ಅಂಗಡಿಯಿಂದ ಕೊಡಬಾರ್ದು ಅಂದ್ನೇನೇ? ಹೊತ್ತಾಯ್ತು, ಕೊಟ್ ಕಳ್ಸು ಅವನ್ನ. ಪಂಚ್ನಳ್ಳಿಗೆ ಹೋಗ್ಬೇಕು ಪಾಪ."

ಲೋಕೇಶ ಒಂದೊಂದೇ ಪೊಟ್ಟಣಕ್ಕೆ ಮೊಬೈಲು ಹಿಡಿದು ಪೀಂ ಪೀಂ ಅನ್ನಿಸಿ ಚೀಲಕ್ಕೆ ಹಾಕಿದ. ಬಿಚ್ಚಿದ್ದನ್ನು ನಾನು ಹೊಸದಾಗಿ ಕಟ್ಟಿಕೊಟ್ಟೆ. ನಲವತ್ತೊಂದೂ ಹೋದವು. ಆ ಕಾರ್ತಿಕ ಮುಗಿಯುವವರೆಗೆ ಒಂದು ದಿನವೂ ತಪ್ಪಲಿಲ್ಲ ಎಂದು ಸೇರಿಸಿ ಹೇಳಿಬಿಡುತ್ತೇನೆ.

ಅವನ ಗಾಡಿ ತಿರುವಿನಲ್ಲಿ ಮರೆಯಾಗುವ ಹೊತ್ತಿಗೆ ಇವರು ಪೇಟೆಯಿಂದ ನಡೆದು ಬಂದರು. ಬೀದಿ ಬಾಗಿಲಿನಿಂದಲೇ ನುಗ್ಗಲು ಒಂದು ಕಾಲು ಒಳಗಿಟ್ಟರು.

"ಚಪ್ಲಿ ಬಿಟ್ ಬಾರೋ" ಎಂದರು ಅತ್ತೆ. "ದೀಪ ಉರೀತೈತೆ, ಕಾಣಲ್ವಾ? ಅಂಗಡಿ ಇದು."

ಇವರು ತಾಯಿಯ ಮುಖ ನೋಡಿದರು, ಗೂಡಿನ ದೀಪ ನೋಡಿದರು. ಮೂಟೆ ಹೊತ್ತು ಇಷ್ಟು ವರ್ಷ ಮೆಟ್ಟಿನಲ್ಲೇ ಓಡಾಡಿದ ಮನುಷ್ಯ ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ಹೊಸಿಲ ಆಚೆ ಚಪ್ಪಲಿ ಬಿಟ್ಟು, ನನ್ನ ಕಡೆ ನೋಡಿ ಕೇಳಿದರು: "ಒಳಗ್ ಬರ್ಬೌದಾ?"

"ಬನ್ನಿ" ಎಂದೆ. "ಏನ್ ಬೇಕಿತ್ತು?"